ಹಳೇ ಸ್ಕಾಟಿಷ್ ಕುದುರೆ ಲಾಯಕ್ಕೆ ಬಿಸಿ ಸುಣ್ಣದ ಗಾರೆ: ನನ್ನ ಅನುಭವ

ಕಳೆದ ಚಳಿಗಾಲ ಪೂರ್ತಿ ಲಾಯದ ಒಳಗೋಡೆ ಒಣಗಿಯೇ ಇತ್ತು. "ಇಲ್ಲಿಯ ಮಳೆಗೆ ಸುಣ್ಣ ನಿಲ್ಲಲ್ಲ, ಸಿಮೆಂಟೇ ಗತಿ" ಎಂದಿದ್ದವರು ಈಗ ಬಂದು ಗೋಡೆ ಮುಟ್ಟಿ ನೋಡಿ ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ಎಡಿನ್‌ಬರೋದ ಪೂರ್ವಕ್ಕಿರುವ ಈಸ್ಟ್ ಲೋಥಿಯನ್. ಮರಳುಗಲ್ಲಿನ ಫಾರ್ಮ್‌ಹೌಸ್, ಮೆಟ್ಟಿಲಿನಂತೆ ಇಳಿಯುವ ತ್ರಿಕೋನ ಗೋಡೆ, ಕೆಂಪು ಹೆಂಚು. ಹಿಂದಿನ ಅಂಗಳದ ಸುತ್ತ ಲಾಯ, ದನದ ಕೊಟ್ಟಿಗೆ, ಕಮಾನುಗಳ ಗಾಡಿಮನೆ, ಅದರ ಮೇಲೆ ಕಾಳಿನ ಅಟ್ಟ. ಒಂದು ಬದಿಗೆ ಹಲವು ಮೂಲೆಗಳ ಗಾಣದ ಮನೆ. ಆಂಡ್ರೂ ಮೀಕಲ್ 1786ರ ಸುಮಾರಿಗೆ ಒಕ್ಕುವ ಯಂತ್ರ ಮಾಡಿದ್ದು ಇದೇ ಸೀಮೆಯಲ್ಲಿ. ಆ ಯಂತ್ರ ತಿರುಗಿಸಲು ಕುದುರೆಗಳು ಇಂಥ ಮನೆಯೊಳಗೇ ಸುತ್ತು ಹಾಕುತ್ತಿದ್ದವು. ನಾನು ನೋಡಿದ ಹಳೇ ಕಟ್ಟಡಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಯೋಚಿಸಿ ಕಟ್ಟಿದವು ಕಡಿಮೆ.

ಗೋಡೆ ಹತ್ತಿರ ಹತ್ತಿರ 2 ಅಡಿ ದಪ್ಪ. ಯಾರೋ ಹಿಂದೆ ಸಂದುಗಳಿಗೆಲ್ಲ ಸಿಮೆಂಟ್ ತುಂಬಿದ್ದರು. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಸಿಮೆಂಟ್ ಗಟ್ಟಿಯಾಗಿ ಕೂತಿತ್ತು, ಮೆತ್ತನೆ ಮರಳುಗಲ್ಲೇ ಪದರ ಪದರವಾಗಿ ಉದುರುತ್ತಿತ್ತು. ಒಬ್ಬ ಗುತ್ತಿಗೆದಾರ ಸಿಮೆಂಟನ್ನೇ ಹೊಸದಾಗಿ ಮಾಡಿ, ತೇವ ತಡೆಯುವ ರಾಸಾಯನಿಕ ಚುಚ್ಚಲು ಸುಮಾರು 30 ಸಾವಿರ ಪೌಂಡ್ ಕೇಳಿದ. ದುರಸ್ತಿಗೆ 20% ವ್ಯಾಟ್ ಬೇರೆ. ನಾನು ಒಪ್ಪಲಿಲ್ಲ.

ಸಿಮೆಂಟ್ ಕೀಳುವುದಕ್ಕೆ ಉಳಿ, ಸುತ್ತಿಗೆ ಮಾತ್ರ. ಗ್ರೈಂಡರ್ ಹಿಡಿದರೆ ಕಲ್ಲಿನ ಅಂಚು ಹೋಗುತ್ತೆ. ಆಮೇಲೆ 1 ಪಾಲು ಸುಟ್ಟ ಸುಣ್ಣ, 3 ಪಾಲು ಒರಟು ಮರಳು. ನೀರು ಬಿದ್ದ ಕೂಡಲೇ ಹಬೆ ಏಳುತ್ತೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬಿಸಿ ಆರುವ ಮೊದಲೇ ಸಂದಿಗೆ ಒತ್ತಿ, ನಡುನಡುವೆ ಕಲ್ಲಿನ ಚಕ್ಕೆ ಸಿಕ್ಕಿಸಿದೆ. ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಸಣ್ಣ ಜಲ್ಲಿ ಬೆರೆಸಿದ ಗಾರೆಯನ್ನು ಕರಣೆಯಿಂದ ಎರಚಿದೆ. ಇಲ್ಲಿಯವರು ಇದಕ್ಕೆ ಹಾರ್ಲಿಂಗ್ ಅನ್ನುತ್ತಾರೆ.

ಸುಲಭವಾಗಿ ಏನೂ ಆಗಲಿಲ್ಲ. ಚೀಲದಲ್ಲಿ ಬಂದ ರೆಡಿ ಮಿಶ್ರಣದ ಮರಳು ತೀರಾ ನುಣುಪು, ಒಣಗುತ್ತಲೇ ಬಿರುಕು. ಅದನ್ನೆಲ್ಲ ಕಿತ್ತು ಎಸೆದೆ. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಬೇಗನೆ ಹೆಪ್ಪುಗಟ್ಟುವ ಚಳಿ ಬಂತು. ಗೋಣಿ ಹೊದಿಸಿದ್ದರೂ ಉತ್ತರದ ಹಸಿ ಗಾರೆ ಪುಡಿಪುಡಿ. ಎರಡೂ ಸೇರಿ 3 ಸಾವಿರ ಪೌಂಡ್ ಹೋಯಿತು. ಈಗ ಏಪ್ರಿಲ್‌ಗೆ ಶುರು, ಸೆಪ್ಟೆಂಬರ್‌ಗೆ ಬಂದ್.

ನಮ್ಮ ಕಡೆಯ ಹಳೇ ಗಾರೆ ನೆನಪಾಗಿ ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಒಂದು ಮೂಲೆಯಲ್ಲಿ ಮಾದರಿ ಮಾಡಿದೆ. ಬೆಣ್ಣೆಯಂತೆ ಹರಡಿತು. ಆದರೆ ಆ ಚಳಿಯಲ್ಲಿ ಗಟ್ಟಿಯಾಗಲು ತುಂಬಾ ದಿನ ಹಿಡಿಯಿತು, ಹೊರಗೋಡೆಗೆ ಆಗಲ್ಲ. ಒಳಗೆ ಮೇವಿನ ತೊಟ್ಟಿಯ ಹತ್ತಿರದ ಮಾದರಿ ಮಾತ್ರ ಇನ್ನೂ ಚೆನ್ನಾಗಿದೆ. ಕೊನೆಯ ಸುಣ್ಣದ ಬಳಿತಕ್ಕೆ ಇಲ್ಲಿಯ ಹಳಬರಂತೆ ಪ್ರಾಣಿಗಳ ಕೊಬ್ಬು ಕರಗಿಸಿ ಹಾಕಿದೆ. ಎಷ್ಟು, ಯಾವ ಹೊತ್ತಿಗೆ ಅನ್ನೋದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಜಾಸ್ತಿ ಲಾಭ ಕೊಟ್ಟಿದ್ದು ಮಾತ್ರ ಗುದ್ದಲಿ ಕೆಲಸ. ಹೊರಗಿನ ಮಣ್ಣು ವರ್ಷಗಟ್ಟಲೆ ಏರಿ ಹೊಸ್ತಿಲಿಗಿಂತ ಮೇಲಿತ್ತು. ಅದನ್ನು ಒಂದು ಅಡಿಯಷ್ಟು ಇಳಿಸಿದೆ. ಲಾಯದ ಕಾಂಕ್ರೀಟ್ ನೆಲ ಒಡೆದಾಗ ಕೆಳಗೆ ಕಪ್ಪು ಕಲ್ಲಿನ ಹಾಸು, ಗಂಜಳ ಹರಿಯುವ ಕಾಲುವೆ ಸಮೇತ, ಹಾಗೇ ಸಿಕ್ಕಿತು! ಕಾಂಕ್ರೀಟ್ ಹೋದ ಮೇಲೆ ತೇವ ಗೋಡೆ ಹತ್ತುವುದು ನಿಂತಿತು. ಕುದುರೆಗಳ ನಡುವಿನ ಮರದ ಅಡ್ಡಗೋಡೆಯ ಬುಡ ಇಷ್ಟು ವರ್ಷ ಯಾಕೆ ಕೊಳೆಯುತ್ತಿತ್ತು ಅಂತ ಆಗ ಗೊತ್ತಾಯಿತು.

ಒಟ್ಟು ಖರ್ಚು 14 ಸಾವಿರ ಪೌಂಡ್ ಆಸುಪಾಸು, ಹಾಳಾದದ್ದೂ ಸೇರಿ, ನನ್ನ ದುಡಿಮೆ ಬಿಟ್ಟು. ಇನ್ನು ಗಾಣದ ಮನೆಯ ಸರದಿ. ಅಲ್ಲಿ ತೊಲೆಗಳ ತುದಿ ಲಡ್ಡಾಗಿದೆ, ಮೊದಲು ಹೆಂಚು ಇಳಿಸಬೇಕು.