ಪಂಪ್ ಒಂದೇ ಕಂಪನಿಯದು: ಖರೀದಿ ಕಡತ ಕಟ್ಟುವುದು ಹೇಗೆ?

ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದಾಗ ಮಾರ್ಫಿನ್ ಮಾತ್ರೆಗೂ ನೋವು ಬಗ್ಗದ ಹಂತ ಬರಬಹುದು. ಮಾತ್ರೆ ಜಾಸ್ತಿ ಮಾಡಿದರೆ ಮಂಪರು, ವಾಂತಿ, ಮಲಬದ್ಧತೆ. ಅಂಥ ಕೆಲವರಿಗೆ ಹೊಟ್ಟೆಯ ಚರ್ಮದ ಕೆಳಗೆ ಅಂಗೈ ಅಗಲದ ದುಂಡನೆ ಪಂಪ್ ಕೂರಿಸುತ್ತಾರೆ. ಅದರಿಂದ ಹೊರಟ ಸಣ್ಣ ಕ್ಯಾಥೆಟರ್ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಔಷಧಿ ಬಿಡುತ್ತದೆ. ಬಾಯಿಂದ ಕೊಡುವ ಮಾರ್ಫಿನ್‌ನ ಸುಮಾರು 300ರಲ್ಲಿ ಒಂದು ಪಾಲು ಸಾಕಾಗುತ್ತದೆ.

ಇಂಥ ಪಂಪ್ ತಯಾರಿಸುವವರು ಜಗತ್ತಿನಲ್ಲೇ ಬೆರಳೆಣಿಕೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸರ್ಕಾರಿ ವಿಶ್ವವಿದ್ಯಾಲಯವೋ ವೈದ್ಯಕೀಯ ಕಾಲೇಜೋ ಕೊಳ್ಳಲು ಹೊರಟರೆ ಒಬ್ಬರೇ ಸರಬರಾಜುದಾರ ಸಿಗುವ ಸಂಭವ ಹೆಚ್ಚು. ಒಬ್ಬರಿಂದಲೇ ಕೊಂಡರು ಅಂದಮಾತ್ರಕ್ಕೆ ಅದು ಅಕ್ರಮವಲ್ಲ. ಕಾನೂನಿನಲ್ಲೇ ದಾರಿ ಇದೆ. ಆದರೆ ಮಾತುಕತೆಯೆಲ್ಲ ಆಪರೇಷನ್‌ಗೆ ಮೊದಲೇ ಮುಗಿಯಬೇಕು. ಪಂಪ್ ರೋಗಿಯ ಹೊಟ್ಟೆ ಸೇರಿದ ಮೇಲೆ ಕಂಪನಿ ಹೇಳಿದ್ದೇ ದರ.

ಮೊದಲು ಅಗತ್ಯ, ಆಮೇಲೆ ಹೆಸರು

ಇಂಡೆಂಟ್‌ನಲ್ಲಿ (ಬೇಡಿಕೆ ಪತ್ರದಲ್ಲಿ) ಬ್ರ್ಯಾಂಡ್ ಬರೆಯಬೇಡಿ. ಔಷಧಿ ತುಂಬುವ ಜಾಗ 20 ಎಂಎಲ್ ಬೇಕೋ 40 ಎಂಎಲ್ ಬೇಕೋ, ಪ್ರಮಾಣವನ್ನು ಹೊರಗಿನಿಂದ ಬದಲಿಸಲು ಬರಬೇಕೋ, ಎಂಆರ್‌ಐ ಮಾಡಿಸಬೇಕಾಗುತ್ತದೋ, ಅದನ್ನು ಬರೆಯಿರಿ. ಪರ್ಯಾಯವನ್ನೂ ಪರಿಶೀಲಿಸಿ. ಕೆಲವೇ ವಾರ ಬದುಕುವ ರೋಗಿಗೆ ಕ್ಯಾಥೆಟರ್ ಒಳಗಿಟ್ಟು ಪಂಪನ್ನು ಹೊರಗಿಟ್ಟರೂ ನಡೆಯುತ್ತದೆ, ಖರ್ಚೂ ಕಡಿಮೆ.

ಯಾವ ಕಾನೂನು?

ರಾಜ್ಯದ ಸಂಸ್ಥೆಯಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಟೆಂಡರ್‌ನಿಂದ ವಿನಾಯಿತಿ ಅದರ 4ನೇ ಕಲಮಿನಲ್ಲಿದೆ. ಪತ್ರಿಕೆಯಲ್ಲಿ ಆಗಾಗ ಓದುವ 4(ಜಿ) ವಿನಾಯಿತಿ ಸರ್ಕಾರ ಅಧಿಸೂಚನೆ ಹೊರಡಿಸಿ ಕೊಡುವಂಥದ್ದು. ಒಂದೇ ಮೂಲದ ಖರೀದಿಗೆ ಇರುವುದು 4(ಬಿ). ಅದಕ್ಕೆ ಮೂವರು ತಜ್ಞರ ಸಮಿತಿ ಬೇಕು: ಕೊಳ್ಳುವ ಸಂಸ್ಥೆಯವರೊಬ್ಬರು, ಅಂಥದ್ದೇ ಖರೀದಿ ಮಾಡುವ ಇನ್ನೊಂದು ಸರ್ಕಾರಿ ಸಂಸ್ಥೆಯವರೊಬ್ಬರು, ಹೆಸರಾಂತ ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯವರೊಬ್ಬರು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರದ ಸಂಸ್ಥೆಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳ 166ನೇ ನಿಯಮ. ಅಲ್ಲಿ ಬೇರೆ ತಯಾರಿಕೆ ಯಾಕೆ ಆಗದು ಎಂಬ ಪ್ರಮಾಣಪತ್ರ ಬೇಕು, ಅದಕ್ಕೆ ಹಣಕಾಸು ವಿಭಾಗದ ಸಮ್ಮತಿಯೂ ಬೇಕು.

ಕಾರಣ ಬರೆಯುವುದೇ ಕಷ್ಟದ ಕೆಲಸ

‘ನಮ್ಮ ಡಾಕ್ಟರಿಗೆ ಇದೇ ರೂಢಿ’ ಎಂಬುದು ಕಾರಣವಲ್ಲ. ‘ಈಗಾಗಲೇ ಈ ಕಂಪನಿಯ ಪಂಪ್ ಇರುವ ರೋಗಿಗಳಿದ್ದಾರೆ, ಅದೇ ಕಂಪನಿಯ ಪ್ರೋಗ್ರಾಮರ್ (ಪಂಪನ್ನು ಹೊರಗಿನಿಂದ ಹೊಂದಿಸುವ ಯಂತ್ರ) ಇಲ್ಲದೆ ಔಷಧಿಯ ಪ್ರಮಾಣ ಬದಲಿಸಲು ಆಗದು’ ಎಂಬುದು ಕಾರಣ. ಅದಕ್ಕೇ ಕಡತವನ್ನು ಎರಡು ಮಾಡಿ. ಹಳೇ ರೋಗಿಗಳ ಸಾಮಾನಿಗೆ ಒಂದು, ಹೊಸ ರೋಗಿಗಳ ಪಂಪಿಗೆ ಇನ್ನೊಂದು. ಎರಡನೆಯದಕ್ಕೆ ಪೈಪೋಟಿ ಸಾಧ್ಯವೇ ಅಂತ ಪ್ರಾಮಾಣಿಕವಾಗಿ ಹುಡುಕಲೇಬೇಕು. ಎರಡನ್ನೂ ಒಂದೇ ಟಿಪ್ಪಣಿಯಲ್ಲಿ ಸೇರಿಸಿದರೆ ಹಳೆಯವರ ಹೆಸರಲ್ಲಿ ಹೊಸ ಪಂಪೂ ದಾಟಿಬಿಡುತ್ತದೆ. ನನ್ನ ಪ್ರಕಾರ ಆಡಿಟ್‌ನವರು ಮೊದಲು ನೋಡಬೇಕಾದ ಜಾಗ ಇದೇ.

ದರ ಅಂದರೆ ಪಂಪಿನ ದರವಷ್ಟೇ ಅಲ್ಲ

ಬ್ಯಾಟರಿ ಪಂಪ್ ಸಾಮಾನ್ಯವಾಗಿ 4ರಿಂದ 7 ವರ್ಷ ಬರುತ್ತದೆ. ಆಮೇಲೆ ಮತ್ತೆ ಆಪರೇಷನ್, ಮತ್ತೊಂದು ಪಂಪ್. ಈ ನಡುವೆ ಕೆಲವು ವಾರಕ್ಕೋ ತಿಂಗಳಿಗೋ ಒಮ್ಮೆ ಚರ್ಮದ ಮೂಲಕ ಸೂಜಿ ಚುಚ್ಚಿ ಔಷಧಿ ತುಂಬಬೇಕು. ಅದಕ್ಕೆ ಪ್ರತಿ ಸಲ ಕಿಟ್ ಬೇಕು. ಕಿಟ್ ಇಲ್ಲ ಅಂತ ಔರಾದ್‌ನಿಂದಲೋ ಸುರಪುರದಿಂದಲೋ ಬಂದ ರೋಗಿಯನ್ನು ವಾಪಸ್ ಕಳಿಸಿದರೆ, ಔಷಧಿ ಮುಗಿದು ನೋವು ಮರಳುವುದರ ಜೊತೆಗೆ ದೇಹ ತತ್ತರಿಸುತ್ತದೆ. ಸ್ನಾಯು ಸೆಳೆತಕ್ಕೆ ಇದೇ ಥರದ ಪಂಪಿನಲ್ಲಿ ಬ್ಯಾಕ್ಲೋಫೆನ್ ಔಷಧಿ ಹಾಕಿಸಿಕೊಂಡವರಿಗೆ ಅದು ದಿಢೀರನೆ ನಿಂತರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕಿಟ್, ಕ್ಯಾಥೆಟರ್, ಪ್ರೋಗ್ರಾಮರ್, ಬದಲಿ ಪಂಪ್, ಎಲ್ಲದರ ದರವನ್ನೂ ಪಂಪ್ ಬಾಳುವಷ್ಟು ವರ್ಷಕ್ಕೆ ಒಪ್ಪಂದದಲ್ಲೇ ಕಟ್ಟಿಹಾಕಿ. ಬೇರೆ ಸರ್ಕಾರಿ ಆಸ್ಪತ್ರೆಗಳು ಕಂಪನಿಗೆ ಕೊಟ್ಟ ಸರಬರಾಜು ಆದೇಶಗಳ ಪ್ರತಿ ಕೇಳಿ. ಪೈಪೋಟಿ ಇಲ್ಲದ ಕಡೆ ದರ ಹೋಲಿಸಲು ನಿಮ್ಮ ಕೈಲಿರುವುದು ಅವೇ.

2017ರ ವೈದ್ಯಕೀಯ ಸಾಧನಗಳ ನಿಯಮದಡಿ ಆಮದು ಪರವಾನಗಿ ಇದೆಯೇ ನೋಡಿ. ದೋಷ ಕಂಡು ಪಂಪ್ ಹಿಂಪಡೆದರೆ ಆಪರೇಷನ್ ಖರ್ಚು ಯಾರದು? ಅದನ್ನೂ ಬರೆಸಿ. ಇದು ಸುಮ್ನೆ ಹುಟ್ಟಿದ ಭಯವಲ್ಲ. ಮೆಡ್‌ಟ್ರಾನಿಕ್ ಕಂಪನಿಯ ಸಿಂಕ್ರೋಮೆಡ್ 2 ಪಂಪಿನ ಗುಣಮಟ್ಟದ ವಿಚಾರ 2015ರಲ್ಲಿ ಅಮೆರಿಕದ ನ್ಯಾಯಾಲಯದವರೆಗೂ ಹೋಗಿ, ಅದರ ತಯಾರಿಕೆ ಮತ್ತು ಮಾರಾಟಕ್ಕೆ ಕಟ್ಟುನಿಟ್ಟಿನ ಮಿತಿ ಬಿದ್ದಿತ್ತು.

ಮಾರ್ಫಿನ್ ಇಟ್ಟುಕೊಳ್ಳಲು ಮಾದಕ ವಸ್ತುಗಳ ಕಾಯ್ದೆಗೆ (ಎನ್‌ಡಿಪಿಎಸ್) ಬಂದ 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸುಲಭವಾಗಿದೆ. ಪಂಪ್ ಬರುವ ಮೊದಲೇ ಆ ಮಾನ್ಯತೆ ಪಡೆದಿರಿ.

ಬಾಕ್ಸ್ ಬಂದ ದಿನ

ಸೀಲ್ ಮತ್ತು ಅವಧಿ ಮುಗಿಯುವ ದಿನಾಂಕ ನೋಡಿ. ಸೀರಿಯಲ್ ನಂಬರ್ ದಾಸ್ತಾನು ಪುಸ್ತಕಕ್ಕೆ ಹತ್ತಲಿ. ಪಂಪ್ ಕೂರಿಸಿದ ಮೇಲೆ ಅದೇ ನಂಬರ್ ರೋಗಿಯ ಕೇಸ್ ಶೀಟ್‌ಗೂ ಅವರ ಕೈಗೆ ಕೊಡುವ ಕಾರ್ಡಿಗೂ ಹೋಗಬೇಕು. ಮೂರೂ ಕಡೆ ತಾಳೆಯಾದ ಮೇಲೆ ಬಿಲ್ ಪಾಸ್ ಮಾಡಿ.