ಹಾಟ್ ರಾಡ್‌ಗೆ ಹಿಂದಿನ ಆಕ್ಸಲ್ ಕೂರಿಸುವುದು ಹೇಗೆ?

ಹಳೇ ಶೈಲಿಯ ಹಾಟ್ ರಾಡ್, ಅಂದರೆ ವೇಗಕ್ಕೆಂದು ಮಾರ್ಪಡಿಸಿದ ಹಳೇ ಕಾರು, ದೂರದಿಂದಲೇ ಗುರುತು ಸಿಗುತ್ತದೆ. ಮೂತಿ ತಗ್ಗು, ಹಿಂದೆ ದೊಡ್ಡ ಚಕ್ರ, ಮಡ್‌ಗಾರ್ಡ್ ಇಲ್ಲ. 1930 ಮತ್ತು 40ರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್‌ಗಳನ್ನು ಬಿಚ್ಚಿ, ಹಗುರ ಮಾಡಿ, ಮ್ಯೂರಾಕ್ ಮತ್ತು ಎಲ್ ಮಿರಾಜ್‌ನ ಒಣಗಿದ ಕೆರೆಗಳ ಮೇಲೆ ಓಡಿಸುತ್ತಿದ್ದರು. ಹಿಂದೆ ದೊಡ್ಡ ಟೈರು ಹಾಕಿದ್ದಕ್ಕೂ ಕಾರಣ ಇತ್ತು. ಎಂಜಿನ್ ಅಷ್ಟೇ ಸುತ್ತು ತಿರುಗಿದರೂ ದೊಡ್ಡ ಟೈರಿನ ಕಾರು ಜಾಸ್ತಿ ದೂರ ಹೋಗುತ್ತದೆ.

ಆ ನಿಲುವು ಕೂಡಿಬರುವುದೂ ಕೆಡುವುದೂ ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಸೇರಿಸುವ ಅಡ್ಡ ಭಾಗ) ಕೂತ ಜಾಗದಿಂದ. ಉದಾಹರಣೆಗೆ 1928–31ರ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್ ತೆಗೆದುಕೊಳ್ಳೋಣ. ಹಿಂದೆ ಅಡ್ಡಡ್ಡ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು. ಮೂಲದ ಮುಚ್ಚಿದ ಕೊಳವೆಯ ಬದಲು ತೆರೆದ ಡ್ರೈವ್‌ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ತಿರುಗುವ ದಂಡ).

ಮೊದಲು ಚಾಸಿ, ಆಮೇಲೆ ಟೈರು

ತೊಂಬತ್ತು ವರ್ಷ ದಾಟಿದ ಚಾಸಿ ನೆಟ್ಟಗಿದೆ ಎಂದು ನಂಬಬೇಡಿ. ಸಮತಟ್ಟು ನೆಲದ ಮೇಲೆ ಸ್ಟ್ಯಾಂಡ್‌ಗಳಿಗೆ ಏರಿಸಿ. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ಟೇಪ್ ಹಿಡಿಯಿರಿ, ಆಮೇಲೆ ಇನ್ನೊಂದು ಓರೆಗೆ. ಎರಡೂ ಸಮ ಬರದಿದ್ದರೆ ಚಾಸಿಯನ್ನು ನೆಟ್ಟಗೆ ಮಾಡಿಯೇ ಮುಂದಕ್ಕೆ ಹೋಗಿ. ಕಾರು ಇನ್ನೂ ತಗ್ಗಬೇಕು ಎಂದು ಚಾಸಿಯ ಹಿಂತುದಿಯನ್ನು ಕತ್ತರಿಸಿ ಮೇಲಕ್ಕೆ ಏರಿಸುವ ಯೋಚನೆ ಇದ್ದರೆ, ಅದನ್ನೂ ಈಗಲೇ ಮುಗಿಸಿ.

ಆಮೇಲೆ ಬಾಡಿಯನ್ನು ಚಾಸಿ ಮೇಲೆ ಇಡಿ. ಕೊನೆಗೆ ಹಾಕುವ ಟೈರು, ರಿಮ್‌ಗಳೇ ಈಗಲೂ ಇರಲಿ. ಸಿಕ್ಕಿದ ಟೈರು ಇಟ್ಟು ಅಳೆದರೆ ಆ ಅಳತೆಗೆ ಬೆಲೆ ಇಲ್ಲ.

ಮಾಡೆಲ್ ಎ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರ, 103.5 ಇಂಚು. ಮುಂದಿನ ಆಕ್ಸಲ್ ಮೂಲ ಜಾಗದಲ್ಲೇ ಇದ್ದರೆ ಅಲ್ಲಿಂದ ಅಷ್ಟು ಅಳೆದು ಚಾಸಿ ಮೇಲೆ ಗುರುತು ಹಾಕಿ. ಇದು ಆರಂಭ ಮಾತ್ರ. ಮಡ್‌ಗಾರ್ಡ್ ತೆಗೆದರೂ ಬಾಡಿಯಲ್ಲಿ ಚಕ್ರಕ್ಕೆಂದು ಬಿಟ್ಟ ಕಮಾನು ಇದ್ದೇ ಇರುತ್ತದೆ. ಚಕ್ರ ಅದರ ನಡುವೆ ಬರಬೇಕು. ಹದಿನೈದು ಅಡಿ ಹಿಂದೆ ಸರಿದು ನಿಂತು ನೋಡಿ. ಬೇಕೆನಿಸಿದರೆ ಕಾಲು ಇಂಚು ಹಿಂದೆ ಮುಂದೆ ಮಾಡಿ. ಇಲ್ಲಿ ಟೇಪಿಗಿಂತ ಕಣ್ಣಿನ ಮಾತು ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಎತ್ತರ ಕಟ್ಟುವುದು

ಬರೀ ಚಾಸಿಗೆ ಸ್ಪ್ರಿಂಗ್ ಕಟ್ಟಿ ಅಳೆದರೆ ಲೆಕ್ಕ ತಪ್ಪುತ್ತದೆ. ಎಂಜಿನ್, ಬಾಡಿ, ಪೆಟ್ರೋಲ್, ಕೂರುವವರು ಎಲ್ಲ ಸೇರಿದಾಗ ಸ್ಪ್ರಿಂಗ್ ಕೂರುವ ಮಟ್ಟವೇ ಬೇರೆ. ಅದಕ್ಕೆ ಸ್ಪ್ರಿಂಗ್‌ನ ಮುಖ್ಯ ಪಟ್ಟಿಯೊಂದನ್ನೇ ಉಳಿಸಿಕೊಂಡು ಉಳಿದವನ್ನು ಸದ್ಯಕ್ಕೆ ತೆಗೆದಿಡಿ. ಆಗ ಆಕ್ಸಲನ್ನು ಬೇಕಾದ ಎತ್ತರಕ್ಕೆ ಸುಲಭವಾಗಿ ತಂದು ಮರದ ತುಂಡಿನಿಂದ ನಿಲ್ಲಿಸಬಹುದು. ಪೂರ್ತಿ ಭಾರ ಬಿದ್ದಾಗ ಶ್ಯಾಕಲ್‌ಗಳು (ಸ್ಪ್ರಿಂಗ್ ತುದಿಯ ತೂಗುವ ಕೊಂಡಿಗಳು) ಸುಮಾರು 45 ಡಿಗ್ರಿ ಓರೆಯಲ್ಲಿ ನಿಲ್ಲಬೇಕು. ಆಕ್ಸಲ್ ಮೇಲೇರಲು ಕನಿಷ್ಠ 3 ಇಂಚು ಜಾಗ ಬಿಡಿ. ಡಿಫರೆನ್ಷಿಯಲ್‌ನ (ಆಕ್ಸಲ್ ನಡುವಿನ ಗೇರ್‌ಗಳ ಭಾಗ) ಉಬ್ಬು ಚಾಸಿಯ ಅಡ್ಡಪಟ್ಟಿಗೆ ತಾಗುತ್ತದಾ, ಟೈರು ಬಾಡಿಗೆ ಉಜ್ಜುತ್ತದಾ ಎಂದು ಆಕ್ಸಲನ್ನು ಎತ್ತಿಯೇ ನೋಡಬೇಕು.

ಎಡ ಬಲದ ನಡು ಹುಡುಕುವಾಗ ಡಿಫರೆನ್ಷಿಯಲ್ ನೋಡಬೇಡಿ. 1957ರಲ್ಲಿ ಬಂದ ಫೋರ್ಡ್ ‘9 ಇಂಚು’ ಎಂಬ ಆಕ್ಸಲ್‌ನಲ್ಲಂತೂ ಪಿನಿಯನ್ (ಡ್ರೈವ್‌ಶಾಫ್ಟ್ ಬಂದು ಸೇರುವ ಗೇರ್) ಒಂದು ಪಕ್ಕಕ್ಕೇ ಇರುತ್ತದೆ. ಚಕ್ರ ಕೂರುವ ಫ್ಲಾಂಜ್‌ನಿಂದ ಚಾಸಿಗೆ ಎರಡೂ ಕಡೆ ಸಮ ಬಂದರೆ ಸಾಕು. ಮೇಲಿನಿಂದ ನೋಡಿದಾಗ ಶಾಫ್ಟ್ ಸ್ವಲ್ಪ ಓರೆ ಕಂಡರೆ ತೊಂದರೆ ಇಲ್ಲ.

ಇನ್ನು ನೇರ ಕೂರಿಸುವುದು. ಆಕ್ಸಲ್‌ನ ಎರಡು ತುದಿಯಿಂದಲೂ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ. ಮುಂದೆ ಚಾಸಿಯ ನಡುಗೆರೆಯ ಮೇಲಿನ ಒಂದೇ ಬಿಂದುವಿಗೆ ಎರಡೂ ಗುರುತಿನಿಂದ ಅಳೆಯಿರಿ. ವ್ಯತ್ಯಾಸ 1.5 ಮಿಲಿಮೀಟರ್ ಒಳಗಿರಲಿ.

ಇಲ್ಲಿ ಅವಸರ ಬೇಡ

ಎಷ್ಟೋ ಚೆಂದದ ಕಾರುಗಳ ಬ್ರಾಕೆಟ್ ಬಿರುಕು ಬಿಡುವುದು ಆಕ್ಸಲನ್ನು ಮುಂದಕ್ಕೆ ಹಿಡಿದಿಡುವ ರಾಡ್‌ಗಳ ವಿಷಯದಲ್ಲಿ. ಫೋರ್ಡ್ ಮೂಲದಲ್ಲಿ ಜಾಣತನದಿಂದ ಮಾಡಿತ್ತು. ಶಾಫ್ಟ್ ಸುತ್ತಲಿನ ಗಟ್ಟಿ ಕೊಳವೆ ಗೇರ್‌ಬಾಕ್ಸ್ ಹಿಂದೆ ಒಂದೇ ಕಡೆ ತಿರುಗುತ್ತಿತ್ತು. ಆಕ್ಸಲ್ ತುದಿಗಳಿಂದ ಬಂದ ಎರಡು ರಾಡ್‌ಗಳೂ ಆ ಕೊಳವೆಗೇ ಸೇರುತ್ತಿದ್ದವು. ಒಂದು ಚಕ್ರ ಗುಂಡಿಗೆ ಇಳಿದರೂ ಇಡೀ ಆಕ್ಸಲ್ ಆ ಒಂದು ಬಿಂದುವಿನಿಂದ ಸಲೀಸಾಗಿ ವಾಲುತ್ತಿತ್ತು.

ತೆರೆದ ಶಾಫ್ಟ್ ಹಾಕಿದಾಗ ಕೊಳವೆ ಹೋಗುತ್ತದೆ. ಆಗ ರಾಡ್‌ಗಳನ್ನು ಅಗಲಿಸಿ ಚಾಸಿಯ ಎಡ ಬಲಕ್ಕೆ ಬಿಗಿಯುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದರೆ ಎರಡು ರಾಡ್‌ಗಳು ಸೇರಿ ಆಕ್ಸಲ್ ಹೌಸಿಂಗನ್ನು (ಆಕ್ಸಲ್‌ನ ಹೊರಕವಚ) ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಲು ನೋಡುತ್ತವೆ. ಹೌಸಿಂಗ್ ಬಗ್ಗುವುದಿಲ್ಲ, ಬೆಸುಗೆ ಬಿಡುತ್ತದೆ. ಎರಡೂ ರಾಡ್‌ಗಳ ಮುಂತುದಿಯನ್ನು ನಡುವಿಗೆ, ಗೇರ್‌ಬಾಕ್ಸ್ ಹಿಂದಿನ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಓರೆಯಲ್ಲೂ ತಿರುಗಲು ಬಿಡುವ ಕೀಲು) ಹತ್ತಿರಕ್ಕೆ ತನ್ನಿ. ಹಳೇ ತೆಳು ರಾಡ್ ಒಂದೇ ಸಾಲದು. ವೇಗ ಹೆಚ್ಚಿಸುವಾಗ ಹೌಸಿಂಗ್ ಹಿಂದಕ್ಕೆ ಉರುಳದಂತೆ ತಡೆಯಲು ಮೇಲೊಂದು ಗಟ್ಟಿ ರಾಡ್ ಸೇರಿಸಿ ತ್ರಿಕೋನ ಮಾಡಿ.

ಅಡ್ಡ ಸ್ಪ್ರಿಂಗ್ ಶ್ಯಾಕಲ್ ಮೇಲೆ ತೂಗುವುದರಿಂದ ಆಕ್ಸಲ್ ಪಕ್ಕಕ್ಕೂ ಓಲಾಡುತ್ತದೆ. ಪ್ಯಾನ್‌ಹಾರ್ಡ್ ರಾಡ್ ಅದನ್ನು ಹಿಡಿಯುತ್ತದೆ. ಇದು ಆದಷ್ಟು ಉದ್ದ ಇರಲಿ, ಕಾರು ನಿಂತಾಗ ನೆಲಕ್ಕೆ ಸಮನಾಗಿರಲಿ. 30 ಇಂಚಿನ ರಾಡ್ ಇದ್ದರೆ ಆಕ್ಸಲ್ 3 ಇಂಚು ಏರಿದಾಗ ಪಕ್ಕಕ್ಕೆ ಸುಮಾರು 4 ಮಿಲಿಮೀಟರ್ ಸರಿಯುತ್ತದೆ. ರಾಡ್ ಅರ್ಧವಾದರೆ ಸರಿಯುವುದು 8 ಮಿಲಿಮೀಟರ್.

ಪಿನಿಯನ್ ಕೋನ

ಎಂಜಿನ್ ಸಾಮಾನ್ಯವಾಗಿ ಹಿಂದಕ್ಕೆ 3 ಡಿಗ್ರಿ ಇಳಿಜಾರಾಗಿ ಕೂರುತ್ತದೆ. ಪಿನಿಯನ್ ಮೂತಿ ಅಷ್ಟೇ ಮೇಲೆ ನೋಡಬೇಕು. ಆಗ ಗೇರ್‌ಬಾಕ್ಸ್ ಗೆರೆಯೂ ಪಿನಿಯನ್ ಗೆರೆಯೂ ಸಮಾನಾಂತರವಾಗಿ ಹೋಗುತ್ತವೆ. ಯೂನಿವರ್ಸಲ್ ಜಾಯಿಂಟ್ ಓರೆಯಲ್ಲಿ ತಿರುಗುವಾಗ ಪ್ರತಿ ಸುತ್ತಿಗೂ ಎರಡು ಸಲ ವೇಗ ಏರಿ ಇಳಿಯುತ್ತದೆ. ಎರಡೂ ಜಾಯಿಂಟ್‌ಗಳ ಕೋನ ಸಮ ಇದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಇಲ್ಲದಿದ್ದರೆ ನಡುಕ ಖಂಡಿತ. ಪ್ರತಿ ಜಾಯಿಂಟ್‌ನ ಓರೆ 1ರಿಂದ 3 ಡಿಗ್ರಿ ಒಳಗಿರಲಿ. ಸೊನ್ನೆಯೂ ಬೇಡ, ಒಳಗಿನ ಸೂಜಿ ಬೇರಿಂಗ್‌ಗಳು ಹೊರಳದೆ ಒಂದೇ ಕಡೆ ಸವೆಯುತ್ತವೆ.

ಎಲ್ಲ ಸರಿ ಬಂದ ಮೇಲೆ ಬ್ರಾಕೆಟ್‌ಗಳಿಗೆ ಚುಕ್ಕಿ ಬೆಸುಗೆ ಹಾಕಿ, ಮತ್ತೆ ಅಳೆಯಿರಿ. ಪೂರ್ತಿ ಬೆಸುಗೆಗೆ ಆಕ್ಸಲನ್ನು ಹೊರತೆಗೆದು ಒಳಗಿನ ಶಾಫ್ಟ್, ಬೇರಿಂಗ್, ಸೀಲ್ ಬಿಚ್ಚಿ. ಒಂದು ಇಂಚು ಬೆಸುಗೆ ಎಡಗಡೆ, ತಣಿಯಲು ಬಿಟ್ಟು ಒಂದು ಇಂಚು ಬಲಗಡೆ. ಒಂದೇ ಕಡೆ ಬಿಸಿ ಮಾಡಿದರೆ ಹೌಸಿಂಗ್ ಬಾಗಿ ಬೇರಿಂಗ್ ತಿನ್ನುತ್ತದೆ.

ಡ್ರೈವ್‌ಶಾಫ್ಟ್ ಅಳತೆ ಕೊನೆಗೆ. ಕಾರು ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತಿರಬೇಕು. ಸ್ಲಿಪ್ ಯೋಕ್ ಅನ್ನು (ಡ್ರೈವ್‌ಶಾಫ್ಟ್‌ನ ಮುಂದಿನ ಜಾರುವ ತುದಿ) ಗೇರ್‌ಬಾಕ್ಸ್‌ಗೆ ಪೂರ್ತಿ ಒಳಗೆ ತಳ್ಳಿ, ಮುಕ್ಕಾಲಿನಿಂದ ಒಂದು ಇಂಚು ಹೊರಗೆಳೆದು, ಅಲ್ಲಿಂದ ಪಿನಿಯನ್‌ವರೆಗೆ ಅಳೆದು ಶಾಫ್ಟ್ ಮಾಡುವವರಿಗೆ ಕೊಡಿ. ನೂರು ಮೈಲಿ ಓಡಿಸಿದ ಮೇಲೆ ಸ್ಪ್ರಿಂಗ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಸ್ಪ್ರಿಂಗ್ ಅಷ್ಟರಲ್ಲಿ ಸ್ವಲ್ಪ ಕೂತಿರುತ್ತದೆ, ಹಾಗಾಗಿ ಪಿನಿಯನ್ ಕೋನಕ್ಕೂ ಇನ್ನೊಮ್ಮೆ ಗೇಜ್ ಹಿಡಿಯಿರಿ.