ಫಿಲ್ಮ್ ಅಗ್ಗ, ಲೂಪ್ ದುಬಾರಿ: ನಿಬ್ ನುಣುಪು ಮಾಡಿದ ನನ್ನ ಅನುಭವ

ಕಾಗದ ಕೆರೆಯುವ ಫೌಂಟನ್ ಪೆನ್ ನಿಬ್‌ಗಳನ್ನು ಉಜ್ಜಿ ನುಣುಪು ಮಾಡುತ್ತೇನೆ. ಕಳೆದ ತಿಂಗಳು ನನ್ನ ನಲವತ್ತನೆಯದೋ ನಲವತ್ತೊಂದನೆಯದೋ ನಿಬ್ ಮುಗಿಸಿದೆ. ಪೆನ್ನು ಕೊಟ್ಟಿದ್ದವರು ನಾಲ್ಕು ಸಾಲು ಬರೆದರು. ತಲೆ ಎತ್ತಿ ನನ್ನನ್ನು ನೋಡಿದರು. ಮತ್ತೆ ಅರ್ಧ ಪುಟ ಬರೆದರು. "ಫಿಲ್ಮ್ ಎಲ್ಲ ಆಗೋ ಮಾತಲ್ಲ, ನಿಬ್ ಚಪ್ಪಟೆ ಆಗುತ್ತೆ" ಅಂತ ಎರಡು ವರ್ಷದ ಹಿಂದೆ ನನಗೆ ಹೇಳಿದ್ದವರೂ ಅವರೇ. ಫಿಲ್ಮ್ ಅಂದರೆ ಉಜ್ಜುವ ನುಣ್ಣನೆ ಕಣ ಹಚ್ಚಿದ ತೆಳು ಪ್ಲಾಸ್ಟಿಕ್ ಹಾಳೆ. ಅವರ ಅನುಮಾನದಲ್ಲಿ ಅರ್ಧ ಸತ್ಯ ಇತ್ತು, ಅದನ್ನೂ ಹೇಳುತ್ತೇನೆ.

ಮೊದಲು ದುಡ್ಡಿನ ಮಾತು. ನಿಬ್ ಕೆಲಸಕ್ಕೆಂದೇ ಪ್ಯಾಕ್ ಮಾಡಿದ ಕಿಟ್ ಒಂದನ್ನು ಕೊಂಡೆ. ಆ ದುಡ್ಡಿಗೆ ದಿನಾ ಬರೆಯುವಂಥ ಎರಡು ಪೆನ್ನು ಬರುತ್ತಿದ್ದವು. ಒಳಗಿದ್ದದ್ದು ಬೆರಳಗಲದ ಮೂರು ಪಟ್ಟಿ ಫಿಲ್ಮ್, ಮೈಕ್ರೋ ಮೆಶ್ ಅನ್ನುವ ನಯವಾದ ಉಜ್ಜು ಹಾಳೆಯ ಒಂದು ತುಂಡು, ಒಂದು ಚೂರು ಹಿತ್ತಾಳೆ ಹಾಳೆ. ಆರು ನಿಬ್ಬಿಗೆ ಎಲ್ಲ ಸವೆದುಹೋಯಿತು.

ಆಮೇಲೆ ಅಗ್ಗಕ್ಕೆ ಸಿಗುತ್ತದೆ ಅಂತ 2000ದ ಎಮರಿ ಪೇಪರ್ ತಂದೆ. ನೀರಲ್ಲಿ ನೆನೆಸಿ ಉಜ್ಜಿದೆ. ಕೈಗೆ ರೇಷ್ಮೆ ಥರ ಇರುತ್ತದೆ, ಆದರೆ ಅದರ ಕಣ ಸುಮಾರು 10 ಮೈಕ್ರಾನ್. ಟಿಪ್ಪಿಂಗ್, ಅಂದರೆ ನಿಬ್ ತುದಿಯ ಗಟ್ಟಿ ಲೋಹದ ಗುಂಡಿನ ಮೇಲೆ ಉಳುಮೆ ಮಾಡಿದ ಹಾಗೆ ಗೆರೆ ಬಿತ್ತು. ಅವತ್ತಿನಿಂದ ಪೇಪರಿನ ನಯ ಹೇಳುವ ಈ ಗ್ರಿಟ್ ನಂಬರ್ ನೋಡುವುದನ್ನೇ ಬಿಟ್ಟೆ, ಮೈಕ್ರಾನ್ ಮಾತ್ರ ನೋಡುತ್ತೇನೆ. ಮೈಕ್ರೋ ಮೆಶ್ ನಂಬರ್ ಅಂತೂ ಅದರದ್ದೇ ಲೆಕ್ಕ. ಅದರ 1500 ಅಂದರೆ ಮಾಮೂಲಿ ಪೇಪರಿನ 400ರ ಹತ್ತಿರ. ಇದು ಗೊತ್ತಿಲ್ಲದೆ ಒಂದು ಒಳ್ಳೆಯ ಮೀಡಿಯಂ ನಿಬ್ಬಿನ ತುದಿ ಅರ್ಧ ತಿಂದುಹಾಕಿದ್ದೇನೆ.

ದಾರಿ ಸಿಕ್ಕಿದ್ದು ಪೆನ್ನಿನವರ ಹತ್ತಿರ ಅಲ್ಲ. ಆಪ್ಟಿಕಲ್ ಫೈಬರ್ ಕೆಲಸ ಮಾಡುವವರು ಕನೆಕ್ಟರ್ ತುದಿಯನ್ನು ಲ್ಯಾಪಿಂಗ್ ಫಿಲ್ಮ್ ಮೇಲೆ ಪಾಲಿಶ್ ಮಾಡುತ್ತಾರೆ, ಅಲ್ವಾ? ನಮಗೆ ಪಟ್ಟಿ ಕತ್ತರಿಸಿ ಕೊಡುತ್ತಿದ್ದದ್ದೂ ಅದೇ ಜಾತಿಯ ಸರಕು. ಅವರಿಗೆ ಸಾಮಾನು ಮಾರುವವರಲ್ಲಿ ಪೂರ್ತಿ ಹಾಳೆಯೇ ಸಿಗುತ್ತದೆ. 3 ಮೈಕ್ರಾನ್ ಒಂದು, 1 ಮೈಕ್ರಾನ್ ಒಂದು ತರಿಸಿದೆ. ಎರಡೂ ಸೇರಿ ಕಿಟ್‌ನ ಅರ್ಧ ದುಡ್ಡೂ ಆಗಲಿಲ್ಲ. ಒಂದು ಹಾಳೆಗೆ ಮೂವತ್ತು ತುಂಡು ಮಾಡಿದೆ. ಒಂದು ತುಂಡು ಮೂರು ನಿಬ್ಬಿಗೆ ಬರುತ್ತದೆ. ಮುಕ್ಕಾಲು ಪಾಲು ಇನ್ನೂ ಡಬ್ಬಿಯಲ್ಲೇ ಇದೆ. ಕಿಟ್‌ನಲ್ಲಿ ಒಂದು ನಿಬ್ಬಿಗೆ ಆಗುತ್ತಿದ್ದ ಖರ್ಚಿನ ಇಪ್ಪತ್ತರಲ್ಲಿ ಒಂದು ಪಾಲೂ ಈಗ ಬೀಳುವುದಿಲ್ಲ.

ಆದರೂ ಮೊದಲ ಐದಾರು ನಿಬ್ ಕೆಟ್ಟವು. ಗಾಜಿನ ಮೇಲೆ ಫಿಲ್ಮ್ ಹಾಸಿ ಉಜ್ಜಿದ್ದೆ. ನಾನು ಹಿಡಿಯುವ ಕೋನದಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು, ಪೆನ್ನನ್ನು ಒಂಚೂರು ತಿರುಗಿಸಿದರೆ ಕಾಗದಕ್ಕೆ ಹಲ್ಲು ಹಾಕುತ್ತಿತ್ತು. ಲೂಪ್‌ನಲ್ಲಿ, ಅಂದರೆ ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿಯಲ್ಲಿ ನೋಡಿದರೆ ಟಿಪ್ಪಿಂಗ್ ಮೇಲೆ ಸಣ್ಣ ಕನ್ನಡಿ ಕೂರಿಸಿದಂತೆ ಒಂದು ಚಪ್ಪಟೆ ಜಾಗ, ಅದರ ಸುತ್ತ ಚೂಪು ಅಂಚು. ಅನುಮಾನ ಪಟ್ಟವರು ಹೇಳಿದ್ದು ಇದನ್ನೇ. ಆದರೆ ತಪ್ಪು ಫಿಲ್ಮ್‌ದಲ್ಲ, ಕೆಳಗಿನ ಗಾಜಿನದು. ಹಳೇ ಮೌಸ್ ಪ್ಯಾಡ್ ಮೇಲೆ ಅದೇ ಫಿಲ್ಮ್ ಇಟ್ಟೆ. ನಿಬ್ ಒಂದಿಷ್ಟು ತಗ್ಗಿ ಕೂತು, ಫಿಲ್ಮ್ ತುದಿಯನ್ನು ಸುತ್ತಿಕೊಳ್ಳುತ್ತದೆ. ಅಂಚುಗಳು ತಾವಾಗಿ ದುಂಡಗಾಗುತ್ತವೆ. ಅಲ್ಲಿಂದಾಚೆ ಆ ಚಪ್ಪಟೆ ಜಾಗ ನನಗೆ ಮತ್ತೆ ಕಂಡಿಲ್ಲ.

ಮೆತ್ತಗಿದ್ದರೆ ಇನ್ನೊಂದು ಅಪಾಯ ಇದೆ. ಜಾಸ್ತಿ ಹೊತ್ತು ಉಜ್ಜಿದರೆ ಸೀಳಿನ ಒಳ ಅಂಚೂ ದುಂಡಗಾಗಿ ಬೇಬಿ ಬಾಟಮ್ ಆಗಿಬಿಡುತ್ತದೆ. ಇಂಕು ಸೀಳಿನಲ್ಲಿ ಮೇಲಕ್ಕೇ ನಿಂತು ಕಾಗದ ಮುಟ್ಟುವುದಿಲ್ಲ. ಪದದ ಮೊದಲ ಗೆರೆಯೇ ಬೀಳಲ್ಲ. ನನ್ನ ಎರಡು ನಿಬ್ ಹೀಗಾದವು. ಈಗ 1 ಮೈಕ್ರಾನ್ ಮೇಲೆ 8ರ ಆಕಾರದಲ್ಲಿ ಹತ್ತು ಹದಿನೈದು ಸುತ್ತು, ಅಷ್ಟೇ. ಇಂಕು ತುಂಬಿದ ಪೆನ್ನಿನಲ್ಲೇ, ಬರೆಯುವಷ್ಟೂ ಭಾರ ಹಾಕದೆ. ಐದು ಸುತ್ತಿಗೊಮ್ಮೆ ಒರೆಸಿ, ಲೂಪ್ ಹಿಡಿದು, ಕಾಗದದ ಮೇಲೆ ಬರೆದು ನೋಡುತ್ತೇನೆ.

ಲೂಪ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 30 ಪಟ್ಟು, 60 ಪಟ್ಟು ಅಂತ ಬರೆದಿದ್ದ ಅಗ್ಗದವು ಮೂರು ಕೊಂಡು ಬಿಸಾಕಿದೆ. ನಡುವೆ ಮಾತ್ರ ಸ್ಪಷ್ಟ, ಅಂಚಿಗೆ ಹೋದರೆ ಮಂಜು. ಕೊನೆಗೆ ರತ್ನ ಪರೀಕ್ಷೆ ಮಾಡುವವರು ಬಳಸುವ 10 ಪಟ್ಟಿನ, ಮೂರು ಮಸೂರದ ಲೂಪ್ ತಗೊಂಡೆ. ನನ್ನ ಸಾಮಾನಿನಲ್ಲೆಲ್ಲ ದುಬಾರಿ ಅದೇ. ಅದು ಬಂದ ಮೇಲೆ ಗೊತ್ತಾದದ್ದು: ಕೆರೆಯುವ ಹತ್ತು ನಿಬ್‌ಗಳಲ್ಲಿ ಏಳಕ್ಕೆ ಉಜ್ಜುವ ಕೆಲಸವೇ ಬೇಕಿಲ್ಲ. ಒಂದು ಟೈನ್ (ಸೀಳಿನ ಆಚೀಚೆಯ ಅರ್ಧ) ಕೂದಲೆಳೆಯಷ್ಟು ಮೇಲೆ, ಇನ್ನೊಂದು ಕೆಳಗೆ ಇರುತ್ತದೆ. ಉಗುರಿನಿಂದ ಮೆಲ್ಲಗೆ ಒತ್ತಿ ಸಮ ಮಾಡಿದರೆ ಮುಗಿಯಿತು. ಒಂದು ವರ್ಷ ಇವನ್ನೆಲ್ಲ ಸುಮ್ನೆ ಉಜ್ಜಿ ಸವೆಸಿದ್ದೆ.

ಸೀಳು ಬಿಗಿಯಾಗಿದ್ದರೆ 0.05 ಮಿಲಿಮೀಟರಿನ ಹಿತ್ತಾಳೆ ಶಿಮ್, ಅಂದರೆ ಸೀಳಿನಲ್ಲಿ ತೂರಿಸುವ ತೆಳು ಹಾಳೆ. ಯಂತ್ರ ರಿಪೇರಿಯವರಿಗೆ ಸಾಮಾನು ಮಾರುವ ಕಡೆ ಸುರುಳಿಯಾಗಿ ಸಿಗುತ್ತದೆ, ಕಿಟ್‌ನ ಚೂರಿಗೆ ಹೋಲಿಸಿದರೆ ಪುಕ್ಕಟೆ. ಸಂದಿ ಅಳೆಯುವ ಫೀಲರ್ ಗೇಜ್‌ನ ತೆಳು ಎಲೆಯಲ್ಲೂ ಮಾಡಿದ್ದೆ, ಉಕ್ಕು ಸೀಳಿನ ಒಳಗೋಡೆಗೆ ಗೀರು ಹಾಕುತ್ತದೆ.

ಪ್ರಯೋಗ ಏನೇನೋ ಮಾಡಿದ್ದೇನೆ. ಟೂತ್‌ಪೇಸ್ಟ್‌ನಲ್ಲಿ ಹಲ್ಲು ಬೆಳ್ಳಗಾಗುತ್ತದೆ, ಟಿಪ್ಪಿಂಗ್ ಅಲುಗಾಡಲ್ಲ. ಮೆಟಲ್ ಪಾಲಿಶ್ ನಿಬ್ಬಿಗೆ ಇಂಕು ಹರಿಸುವ ಫೀಡ್‌ನ ಸಂದಿಗೆ ಹೋಗಿ ಕೂತು, ತೊಳೆಯಲು ಮೂರು ದಿನ ಹಿಡಿಯಿತು. ಉಗುರು ಪಾಲಿಶ್ ಮಾಡುವ ಬಫರ್ ಕಡ್ಡಿ ನಿಜಕ್ಕೂ ಚೆನ್ನಾಗಿದೆ. ಅದರ ಅತಿ ನಯದ ಮುಖದಲ್ಲಿ ಮೂರು ನಾಲ್ಕು ನಿಬ್ ಮುಗಿಸಿದ್ದೇನೆ. ಚರ್ಮದ ಪಟ್ಟಿಗೆ ಹಸಿರು ಕ್ರೋಮಿಯಂ ಆಕ್ಸೈಡ್ ಹಚ್ಚಿದ್ದೂ ಕೆಲಸ ಮಾಡಿತು, ಆದರೆ ಕೈಯೆಲ್ಲ ಹಸಿರು.

1 ಮೈಕ್ರಾನ್ ಆದ ಮೇಲೆ ನಾನು ಇನ್ನೊಂದು ವಸ್ತುವಿನ ಮೇಲೆ ಎರಡೇ ಎರಡು ಗೆರೆ ಎಳೆಯುತ್ತೇನೆ. ಕೊಟ್ಟವರು ತಲೆ ಎತ್ತಿ ನೋಡುವುದು ಅದರಿಂದಲೇ. ಅದು ಯಾವುದು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅಂಗಡಿಗೆ ಹೋಗಿ ಕೊಳ್ಳುವಂಥದ್ದಲ್ಲ ಅಂತ ಮಾತ್ರ ಹೇಳಬಲ್ಲೆ.

ಟಿಪ್ಪಿಂಗ್ ಇಲ್ಲದ, ಉಕ್ಕನ್ನೇ ಮಡಿಸಿ ಉಂಡೆ ಮಾಡಿದ ನಿಬ್‌ಗಳು ಮಾತ್ರ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಮೆದು ಲೋಹ, 1 ಮೈಕ್ರಾನ್ ಕೂಡ ಐದೇ ಸುತ್ತಿಗೆ ತಿಂದುಬಿಡುತ್ತದೆ. ಅವಕ್ಕೆ ಈಗ ಫಿಲ್ಮ್ ಮುಟ್ಟಿಸುವುದಿಲ್ಲ. ಕಂದು ಪ್ಯಾಕಿಂಗ್ ಕಾಗದದ ಮೇಲೆ ಎರಡು ಪುಟ ಬರೆದು ಬಿಡುತ್ತೇನೆ.